ಓರೆ ಮೆಟ್ಟಿಲಿನ ಗಿಟಾರು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಓಣಿಯ ಒಬ್ಬ ತಾಯಿ ವಾಚನಾಲಯದ ಕಟ್ಟೆಗೆ ಬಂದು ನನ್ನ ಮುಂದೆ ಮಗನ ಮೊಬೈಲ್ ಹಿಡಿದಳು. "ಮಾಸ್ತರ, ಇದನ್ನೊಂದಿಷ್ಟು ನೋಡಿ ಹೇಳ್ರಿ. ಇದು ಹಿಂಗ ಇರೂದಾ, ಏನ್ ಕೆಟ್ಟಿದ್ದನ್ನ ಮಾರಾಕ ಇಟ್ಟಾರಾ?"

ಚಿತ್ರದಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರು. ತಂತಿ ಆರಲ್ಲ, ಏಳು. ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂಡಿಸಿದ ಲೋಹದ ಪಟ್ಟಿಗಳಿರುತ್ತವಲ್ಲ, ವೀಣೆಯವರು ಅದಕ್ಕೆ ಮೆಟ್ಟಿಲು ಅಂತಾರ, ಸಿತಾರದವರು ಪಡದೆ ಅಂತಾರ, ಗಿಟಾರಿನವರು ಫ್ರೆಟ್ ಅಂತಾರ. ಇದರಲ್ಲಿ ಆ ಪಟ್ಟಿಗಳು ಒಂದಕ್ಕೊಂದು ಸಮಾನಾಂತರವಾಗಿರದೆ ಬೀಸಣಿಕೆಯ ಕಡ್ಡಿಗಳ ಹಾಗೆ ಹರಡಿದ್ದವು. ತಲೆಯ ಕಡೆ ಒಂದು ದಿಕ್ಕಿಗೆ ಓರೆ, ಹೊಟ್ಟೆಯ ಕಡೆ ಅದರ ವಿರುದ್ಧ ದಿಕ್ಕಿಗೆ ಓರೆ, ನಡುವೆ ಎಲ್ಲೋ ಒಂದೇ ಒಂದು ಪಟ್ಟಿ ನೆಟ್ಟಗೆ. ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಒಬ್ಬರು ಇಣುಕಿ ನೋಡಿ, "ಬಿಸಲಿಗೆ ಇಟ್ಟಾರ, ಸೊಟ್ಟ ಆಗೈತಿ" ಅಂದುಬಿಟ್ಟರು. ಎಲ್ಲರೂ ನಕ್ಕರು. ಆ ತಾಯಿ ನಗಲಿಲ್ಲ.

ನಗದೇ ಇರಲಿಕ್ಕೆ ಕಾರಣ ಇತ್ತು. ಮೂರು ವರ್ಷದ ಹಿಂದೆ ಇದೇ ಮಗ ಊರೂರು ತಿರುಗುವ ಒಬ್ಬ ವ್ಯಾಪಾರಿಯಿಂದ ಅಗ್ಗದ ಒಂದು ಗಿಟಾರು ಕೊಂಡಿದ್ದ. ಕೆಳಗಿನ ಮನೆಗಳಲ್ಲಿ ಸ್ವರ ಸರಿ ಬರುತ್ತಿತ್ತು, ಮೇಲೆ ಹೋದಂತೆ ಬೇಸುರ. ಎಷ್ಟು ಕಿವಿ ತಿರುವಿದರೂ ಕೂಡಲಿಲ್ಲ. ಪಟ್ಟಿಗಳನ್ನೇ ತಪ್ಪು ಜಾಗದಲ್ಲಿ ಕೂಡಿಸಿದ್ದರು. ದ್ರಾಕ್ಷಿ ತೋಟದಲ್ಲಿ ತಾಯಿ ಒಂದು ಹಂಗಾಮು ದುಡಿದ ದುಡ್ಡು ಹೋಯಿತು. ಈಗ ಕೇಳುತ್ತಿದ್ದದ್ದು ಹಳೆ ಮೋಟರ್‌ಸೈಕಲ್ಲಿನಷ್ಟು ಬೆಲೆಯ ಮಾಲು, ಅದೂ ಕಣ್ಣಿಗೇ ಸೊಟ್ಟ ಕಾಣುವಂಥದ್ದು. ಅದೇ ದುಡ್ಡಿನಲ್ಲಿ ಬೋರಿಗೆ ಪೈಪು ಇಳಿಸಬೇಕು ಅಂತ ಮನೆಯಲ್ಲಿ ಮಾತು ನಡೆದಿತ್ತು. ನಮ್ಮ ಜತ್ತ ತಾಲೂಕಿನವರಿಗೆ ಬೋರಿನ ಪೈಪು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು, ಗಿಟಾರು ಹಿಡಿದವನಲ್ಲ. ಹದಿನೈದು ದಿನ ಟೈಮು ಕೊಡು ತಂಗಿ ಅಂದೆ. ಆ ಹದಿನೈದು ದಿನ ಎರಡು ತಿಂಗಳಾಯಿತು. ಸೊಟ್ಟ ಪಟ್ಟಿಯ ಹಿಂದೆ ನಾಲ್ಕುನೂರು ವರ್ಷದ ಕಥೆ ಇದೆ ಅಂತ ಯಾರಿಗೆ ಗೊತ್ತಿತ್ತು!

ಮೊದಲು ಹುಡುಗನನ್ನು ಕರಕೊಂಡು ಮಿರಜಕ್ಕೆ ಹೋದೆ. ನಮಗೆ ವಾದ್ಯ ಅಂದರೆ ಮಿರಜ. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿ ಕಠಾರಿಗಳಿಗೆ ಗಿರಾಕಿ ತಪ್ಪಿದಾಗ ಅಲ್ಲಿಯ ಶಿಕಲಗಾರ ಮನೆತನದವರು ಆಯುಧ ಬಿಟ್ಟು ಸಿತಾರ, ತಂಬೂರಿ ಮಾಡಲು ತೊಡಗಿದರು. ಫರೀದಸಾಹೇಬರ ಹೆಸರು ಆ ಕಸಬಿನ ಮೂಲಪುರುಷರಲ್ಲಿ ಬರುತ್ತದೆ. ಪಂಢರಪುರದ ಕಡೆ ಬೆಳೆಯುವ ದೊಡ್ಡ ಕುಂಬಳದ ಬುರುಡೆ ಇಲ್ಲಿ ಬಂದು ತಂಬೂರಿಯಾಗುತ್ತದೆ. ಅಬ್ದುಲ್ ಕರೀಮ್ ಖಾನರು ನೆಲೆ ನಿಂತ ಊರು ಇದು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಸರಕಾರದ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗು ಸಿಕ್ಕಿತು.

ಸಿತಾರ ಮಾಡುವವರ ಗಲ್ಲಿಯಲ್ಲಿ ಒಬ್ಬ ಹಿರಿಯ ಕುಶಲಿಗರಿಗೆ ಚಿತ್ರ ತೋರಿಸಿದೆ. ಅವರು ನಗಲಿಲ್ಲ. ಚಿತ್ರವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿ, ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ಎರಡು ತಂಬೂರಿ ತಂದು ನಮ್ಮ ಮುಂದೆ ನಿಲ್ಲಿಸಿದರು. ಒಂದು ಗಂಡಸರದು, ಒಂದು ಹೆಂಗಸರದು. ಗಂಡಸರದು ಒಂದು ಗೇಣು ಎತ್ತರ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವರು ಹೇಳಿದ್ದು ಇಷ್ಟು: "ಖರ್ಜಿನ ಸ್ವರಕ್ಕ ಉದ್ದ ಮೈ ಬೇಕ್ರಿ. ಗಿಡ್ಡ ತಂಬೂರಿಗೆ ಗಂಡಸರ ಪಟ್ಟಿ ಇಳಿಸಿದ್ರ ತಂತಿ ಸಡಲ ಬೀಳತೈತಿ, ಬುಸುಬುಸು ಅಂತೈತಿ. ಈ ಗಿಟಾರದಾಗ ದಪ್ಪ ತಂತಿ ಉದ್ದ ಮಾಡ್ಯಾರ, ಸಣ್ಣ ತಂತಿ ಗಿಡ್ಡ ಇಟ್ಟಾರ. ಎರಡೂ ತಂಬೂರಿ ಒಂದ ಮೈಯಾಗ ಕೂಡಿಸ್ಯಾರ."

ಇಡೀ ವಿಷಯ ಇಷ್ಟೇ. ಪುಸ್ತಕದಲ್ಲಿ ಓದಿದ್ದೆಲ್ಲ ಈ ಮಾತಿನ ವಿಸ್ತಾರ.

ತಂತಿಯ ಸ್ವರ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ: ಉದ್ದ, ಬಿಗಿತ, ತೂಕ. ಫ್ರಾನ್ಸಿನ ಮರೆನ್ ಮೆರ್ಸೆನ್ ಎಂಬ ಪಾದ್ರಿ 1636ರಲ್ಲಿ ತನ್ನ ದೊಡ್ಡ ಗ್ರಂಥದಲ್ಲಿ ಇದರ ಲೆಕ್ಕ ಬರೆದಿಟ್ಟ. ಸ್ವರ ಇಳಿಯಬೇಕಾದರೆ ತಂತಿ ಉದ್ದವಾಗಬೇಕು, ಇಲ್ಲವೆ ಸಡಿಲಾಗಬೇಕು, ಇಲ್ಲವೆ ದಪ್ಪವಾಗಬೇಕು. ಸಡಿಲ ಮಾಡಿದರೆ ಜೋತು ಬೀಳುತ್ತದೆ. ದಪ್ಪ ಮಾಡಿದರೆ ತಂತಿ ಹೋಗಿ ಸಳಿಯಾಗುತ್ತದೆ, ಸರಿಯಾಗಿ ನಡುಗುವುದಿಲ್ಲ. ಸುಲಭದ ದಾರಿ ಉದ್ದ ಮಾಡುವುದು. ಆದರೆ ಎಲ್ಲ ತಂತಿ ಉದ್ದ ಮಾಡಿದರೆ ಮೇಲಿನ ತೆಳು ತಂತಿ ಅದೇ ಸ್ವರಕ್ಕೆ ಬರಲು ಇನ್ನೂ ಬಿಗಿಯಬೇಕಾಗಿ ಕಡಿಯುವ ಹಂತಕ್ಕೆ ಬರುತ್ತದೆ. ಆದ್ದರಿಂದ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಸ್ವರಮಂಡಲ ನೋಡಿದವರಿಗೆ ಇದು ಹೊಸತಲ್ಲ, ಅದರ ಓರೆ ಮೈ ಇದಕ್ಕೇ. ಆದರೆ ಸ್ವರಮಂಡಲಕ್ಕೆ ಮೆಟ್ಟಿಲಿಲ್ಲ. ಮೆಟ್ಟಿಲಿರುವ ವಾದ್ಯದಲ್ಲಿ ಒಂದೊಂದು ತಂತಿಯ ಉದ್ದ ಬೇರೆಯಾದರೆ, ಮೆಟ್ಟಿಲು ನೆಟ್ಟಗೆ ಇರಲು ಸಾಧ್ಯವೇ ಇಲ್ಲ. ಪ್ರತಿ ತಂತಿಯ ಅರ್ಧಕ್ಕೆ ಒಂದು ಚುಕ್ಕೆ ಇಟ್ಟು ಆ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ ನೋಡಿರಿ, ಆ ಗೆರೆಯೇ ಹನ್ನೆರಡನೆಯ ಫ್ರೆಟ್. ಹಾಗೇ ಉಳಿದ ಭಾಗಗಳಿಗೂ ಗೆರೆ ಎಳೆದರೆ ಬೀಸಣಿಕೆ ತಾನಾಗಿ ಮೂಡುತ್ತದೆ. ಎಂಟನೆಯ ಇಯತ್ತೆಯ ಮಕ್ಕಳಿಂದ ಒಮ್ಮೆ ಮಾಡಿಸಿದೆ, ಅರ್ಧ ತಾಸಿನಲ್ಲಿ ಮಾಡಿದರು.

ಇದನ್ನು ಮೊದಲು ಮಾಡಿದ ಕಾಲ ಒಂದನೆಯ ಎಲಿಜಬೆತ್ ರಾಣಿಯ ಇಂಗ್ಲೆಂಡು. ನಮ್ಮ ಕಡೆ ಅದು ತಾಳಿಕೋಟೆ ಯುದ್ಧದ ಹೊತ್ತು. ಲಂಡನ್ನಿನ ಜಾನ್ ರೋಸ್ ಎಂಬ ವಾದ್ಯಗಾರ 1562ರಲ್ಲಿ ಬಂಡೋರಾ ಎಂಬ ಲೋಹದ ತಂತಿಯ ವಾದ್ಯ ಮಾಡಿದನೆಂದು ಅಲ್ಲಿಯ ಹಳೆ ವೃತ್ತಾಂತದಲ್ಲಿ ಬರೆದಿದೆ. ಅದರ ತಮ್ಮನಂಥದ್ದು ಆರ್ಫೇರಿಯನ್. ಗ್ರೀಕ ಪುರಾಣದ ಇಬ್ಬರು ಗಾಯಕರು, ಆರ್ಫಿಯಸ್ ಮತ್ತು ಅರಿಯನ್, ಇವರ ಹೆಸರು ಕೂಡಿಸಿ ಇಟ್ಟ ಹೆಸರು. 1596ರಲ್ಲಿ ವಿಲಿಯಂ ಬಾರ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿದ ಪಾಠದ ಪುಸ್ತಕದಲ್ಲಿ ಈ ಎರಡೂ ವಾದ್ಯಗಳಿಗೆ ಪಾಠಗಳಿವೆ, ಅಂದರೆ ಮನೆ ಮನೆಯಲ್ಲಿ ಕಲಿಯುವವರಿದ್ದರು. ಫ್ರಾನ್ಸಿಸ್ ಪಾಮರ್ 1617ರಲ್ಲಿ ಮಾಡಿದ ಒಂದು ಆರ್ಫೇರಿಯನ್ ಇವತ್ತಿಗೂ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೆಟ್ಟಿಲು ಓರೆ. ಹುಡುಗನ ಮೊಬೈಲಿನ ಚಿತ್ರವನ್ನೂ ಅದನ್ನೂ ಅಕ್ಕಪಕ್ಕ ಇಟ್ಟರೆ ಮುತ್ಯಾ ಮೊಮ್ಮಗ ಅಂತ ಯಾರಾದರೂ ಹೇಳಬಹುದು.

ಆಗ ಯಾಕೆ ಓರೆ ಬೇಕಾಯಿತು? ಅವರ ಹತ್ತಿರ ಇದ್ದದ್ದು ಬರೀ ಹಿತ್ತಾಳೆ, ಕಬ್ಬಿಣದ ತಂತಿ. ಖರ್ಜಿಗೆ ಸುತ್ತು ತಂತಿ ಇರಲಿಲ್ಲ. ಸುತ್ತು ತಂತಿ ಅಂದರೆ ಒಳಗೊಂದು ತೆಳು ಎಳೆ, ಅದರ ಮೇಲೆ ಇನ್ನೊಂದು ತಂತಿಯನ್ನು ಸುರುಳಿ ಸುತ್ತಿದ್ದು. ತೂಕ ಬರುತ್ತದೆ, ಆದರೆ ಬಾಗುವ ಗುಣ ಹೋಗುವುದಿಲ್ಲ. ಅದು ಯುರೋಪಿನಲ್ಲಿ ಬಳಕೆಗೆ ಬಂದದ್ದು ಹದಿನೇಳನೆಯ ಶತಮಾನದ ನಡುವೆ. ಅದು ಬಂದ ಮೇಲೆ ಗಿಡ್ಡ ವಾದ್ಯದಲ್ಲೂ ಖರ್ಜು ಸಿಗತೊಡಗಿತು. ಆರ್ಫೇರಿಯನ್ ಮೂಲೆ ಸೇರಿತು, ಓರೆ ಮೆಟ್ಟಿಲೂ ಅದರ ಜೊತೆ ಹೋಯಿತು. ಒಂದು ಸಣ್ಣ ಸುರುಳಿ ತಂತಿ ಒಂದು ಜಾತಿ ವಾದ್ಯವನ್ನೇ ನುಂಗಿತು ಅನ್ನುವುದು ನನ್ನ ಅನಿಸಿಕೆ. ಫ್ಯಾಶನ್ನು ಬದಲಾದದ್ದೂ ಇರಬಹುದು, ಆದರೆ ಬೇಕು ಅನ್ನುವುದು ಮುಗಿದ ಮೇಲೆ ಕಷ್ಟಪಟ್ಟು ಓರೆ ಕೊರೆಯುವವರು ಯಾರು?

ನೆಟ್ಟಗಿನ ಮೆಟ್ಟಿಲು ಕೊರೆಯುವುದೇನು ಸಣ್ಣ ಕೆಲಸವಲ್ಲ. ಸಿತಾರದ ಪಡದೆ ದಾರದಿಂದ ಕಟ್ಟಿದ್ದು, ಬೇಸುರ ಅನಿಸಿದರೆ ಬೆರಳಿಂದ ಸರಿಸಬಹುದು. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂಡಿಸಿದ್ದು, ಮೇಣ ಕಾಯಿಸಿ ಮತ್ತೆ ಕೂಡಿಸಬಹುದು. ಗಿಟಾರಿನದು ಮರ ಕೊಯ್ದು ಬಡಿದು ಕೂಡಿಸಿದ್ದು, ಒಮ್ಮೆ ತಪ್ಪಿದರೆ ತಪ್ಪಿದ ಹಾಗೇ. ಆದ್ದರಿಂದ ಅಳತೆಗೆ ಸೂತ್ರ ಬೇಕಾಯಿತು. ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ ಸ್ವತಃ ತಂತಿವಾದ್ಯದವನು. ಉಳಿದ ಉದ್ದವನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲು ಬಿಟ್ಟು ಮೆಟ್ಟಿಲು ಕೂಡಿಸು, ಮತ್ತೆ ಉಳಿದದ್ದನ್ನು ಹದಿನೆಂಟು ಮಾಡು ಅಂತ ಅವನು 1581ರಲ್ಲಿ ಬರೆದ. ನೂರಾರು ವರ್ಷ ಬಡಗಿಗಳು ಇದೇ ಲೆಕ್ಕದಲ್ಲಿ ಗೆರೆ ಹಾಕಿದರು. ಖರೆ ಅಂದರೆ ಭಾಜಕ 18 ಅಲ್ಲ, 17.817. ಇವತ್ತಿನ 648 ಮಿಲಿಮೀಟರ್ ಗಿಟಾರಿಗೆ 18ರ ಲೆಕ್ಕ ಹಾಕಿದರೆ ಹನ್ನೆರಡನೆಯ ಮೆಟ್ಟಿಲು ಸರಿಯಾದ ಅರ್ಧಕ್ಕೆ ಬರದೆ ಸುಮಾರು ಎರಡೂವರೆ ಮಿಲಿಮೀಟರ್ ಹಿಂದೆಯೇ ನಿಲ್ಲುತ್ತದೆ. ತಂತಿ ಒತ್ತಿದಾಗ ಸ್ವರ ಚೂರು ಏರುವುದರಿಂದ ಆ ತಪ್ಪು ಅಷ್ಟಿಷ್ಟು ಮುಚ್ಚಿಹೋಗುತ್ತಿತ್ತು. ನಮ್ಮ ಹುಡುಗನ ಮೊದಲ ಗಿಟಾರಿನ ತಪ್ಪು ಮುಚ್ಚಿಹೋಗುವಂಥದ್ದಾಗಿರಲಿಲ್ಲ. ನಾನೇ ಪಟ್ಟಿ ಹಿಡಿದು ಅಳೆದೆ, ಅಲ್ಲಲ್ಲಿ ಕಣ್ಣಳತೆಯಲ್ಲೇ ಕೂಡಿಸಿದಂತಿತ್ತು.

ಎಲೆಕ್ಟ್ರಿಕ್ ಗಿಟಾರು ಬಂದದ್ದು 1930ರ ದಶಕದ ಆರಂಭಕ್ಕೆ, ಅಮೆರಿಕದಲ್ಲಿ. ಅಲ್ಲಿಂದ ಮುಂದೆ ಎರಡು ದೊಡ್ಡ ಕಂಪನಿಗಳ ಅಳತೆಯೇ ಜಗತ್ತಿನ ಅಳತೆಯಾಯಿತು: ಫೆಂಡರ್ ಕಂಪನಿಯದು ಇಪ್ಪತ್ತೈದೂವರೆ ಇಂಚಿನ ತಂತಿ, ಗಿಬ್ಸನ್ ಕಂಪನಿಯದು ಇಪ್ಪತ್ತೈದಕ್ಕೆ ಕಾಲು ಇಂಚು ಕಡಿಮೆ. ತಂತಿ ಆರು. ಏಳು ತಂತಿ ಹಾಕಿದವರು ಮೊದಲೂ ಇದ್ದರು. ರಶಿಯಾದಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಏಳು ತಂತಿಯ ಗಿಟಾರೇ ಮನೆಮಾತಾಗಿತ್ತು. ಅಮೆರಿಕದ ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಗೆ ಏಳನೆಯ ಖರ್ಜಿನ ತಂತಿ ಹಾಕಿಸಿಕೊಂಡು ಒಬ್ಬನೇ ಎರಡಾಳಿನ ಕೆಲಸ ಮಾಡುತ್ತಿದ್ದ. ಆದರೆ ಅಂಗಡಿಯಲ್ಲಿ ಸಿಗುವ ಮಾಲಾದದ್ದು 1990ರಲ್ಲಿ, ಸ್ಟೀವ್ ವಾಯ್ ಎಂಬ ವಾದಕನಿಗಾಗಿ ಜಪಾನಿನ ಇಬಾನೆಜ್ ಕಂಪನಿ ಯೂನಿವರ್ಸ್ ಎಂಬ ಏಳು ತಂತಿಯದನ್ನು ತಂದಾಗ. ಅದು ಅಷ್ಟಾಗಿ ಓಡಲಿಲ್ಲ. 1994ರಲ್ಲಿ ಕಾರ್ನ್ ಎಂಬ ಅಮೆರಿಕನ್ ತಂಡ ಅದೇ ಗಿಟಾರಿನ ಖರ್ಜನ್ನು ಗುಡುಗಿನಂತೆ ಬಳಸಿತು, ಹುಡುಗರು ಹುಚ್ಚಾದರು. ಸ್ವೀಡನ್ನಿನ ಮೆಶುಗ್ಗಾ ತಂಡ ಇನ್ನೂ ಕೆಳಗೆ, ಎಂಟು ತಂತಿಗೆ ಇಳಿಯಿತು. 2007ರಲ್ಲಿ ಇಬಾನೆಜ್ ಕಾರ್ಖಾನೆಯಿಂದಲೇ ಎಂಟು ತಂತಿಯದು ಹೊರಬಂತು. ಈ ಸಂಗೀತ ನನಗೆ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಎರಡು ಹಾಡು ಕೇಳಿ ಕಿವಿಯಿಂದ ತೆಗೆದೆ. ಹುಡುಗ ನಕ್ಕ: "ಸರ್, ನಿಮಗ ಹಲಗಿ ಮಜಲು ಸೇರತೈತಲ್ರಿ, ಇದೂ ಹಂಗ ಕೇಳ್ರಿ." ಮೂರನೆಯದು ಪೂರ್ತಿ ಕೇಳಿದೆ.

ಈಗ ಲೆಕ್ಕ ನೋಡಿರಿ. ಆರು ತಂತಿಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ನಡುಗುತ್ತದೆ. ಏಳನೆಯ ತಂತಿ ಸುಮಾರು 62 ಸಲ, ಎಂಟನೆಯದು 46 ಸಲ. ಅದೇ ಇಪ್ಪತ್ತೈದೂವರೆ ಇಂಚಿನಲ್ಲಿ ಇಷ್ಟು ಕೆಳಗಿಳಿಸಿದರೆ ಮಿರಜದ ಅಜ್ಜ ಹೇಳಿದ ಬುಸುಬುಸು ಶುರು. ಸುತ್ತು ತಂತಿಯ ಶಕ್ತಿಯೂ ಒಂದು ಮಿತಿಗೆ ಬಂದು ನಿಂತಿತು. ಅಂದರೆ 1562ರ ಲಂಡನ್ನಿನ ತೊಂದರೆಯೇ ಮತ್ತೆ ಬಾಗಿಲಿಗೆ ಬಂತು. ತಂತಿಯನ್ನು ಇಪ್ಪತ್ತೇಳು ಇಂಚಿಗೆ ಉದ್ದ ಮಾಡಿದರೆ, ಅದೇ ತಂತಿ ಅದೇ ಸ್ವರಕ್ಕೆ ನೂರಕ್ಕೆ ಹನ್ನೆರಡರಷ್ಟು ಹೆಚ್ಚು ಬಿಗಿಯಾಗುತ್ತದೆ. ಒಂದೂವರೆ ಇಂಚಿಗೆ ಇಷ್ಟು ಲಾಭ.

ಉತ್ತರ ಅಷ್ಟರಲ್ಲಿ ಸಿದ್ಧವಾಗಿತ್ತು. ಕ್ಯಾಲಿಫೋರ್ನಿಯಾದ ರಾಲ್ಫ್ ನೋವಾಕ್ ಎಂಬ ಗಿಟಾರು ಮಾಡುವವನು ಓರೆ ಮೆಟ್ಟಿಲಿನ ಗಿಟಾರಿಗೆ 1989ರಲ್ಲಿ ಪೇಟೆಂಟು ಪಡೆದ. 1900ರಲ್ಲೇ ಎಡ್ಗ್ರೆನ್ ಎಂಬವನು ಇಂಥದ್ದಕ್ಕೆ ಪೇಟೆಂಟು ತೆಗೆದಿದ್ದ, ಅದರಿಂದ ಏನೂ ಬೆಳೆಯಲಿಲ್ಲ. ನೋವಾಕನದು ಬೆಳೆಯಿತು. ಚಾರ್ಲಿ ಹಂಟರ್ ಎಂಬ ಜಾಝ್ ವಾದಕ ಅವನ ಎಂಟು ತಂತಿಯ ಗಿಟಾರು ಹಿಡಿದು ಕೆಳಗಿನ ತಂತಿಗಳಲ್ಲಿ ಬೇಸ್, ಮೇಲಿನವುಗಳಲ್ಲಿ ರಾಗ, ಎರಡನ್ನೂ ಒಟ್ಟಿಗೆ ನುಡಿಸಿ ಜನರನ್ನು ಬೆರಗುಗೊಳಿಸಿದ. ಆದರೆ ಪೇಟೆಂಟು ಜೀವಂತ ಇರುವಷ್ಟು ದಿನ ಅಲ್ಲಿ ಬೇರೆಯವರು ಮಾಡಬೇಕಾದರೆ ಅವನ ಒಪ್ಪಿಗೆ ಬೇಕು. ಕೈಯಿಂದ ಒಂದೊಂದಾಗಿ ಮಾಡಿದ ವಾದ್ಯಗಳವು. ನಮ್ಮಂಥವರ ಮಾತು ಬಿಡಿ, ಅಲ್ಲಿಯ ಸಾಮಾನ್ಯ ವಾದಕನಿಗೂ ಕೈಗೆಟುಕುತ್ತಿರಲಿಲ್ಲ.

ಆಮೇಲೆ ಹೇಗೆ ಅಗ್ಗವಾಯಿತು? ಎರಡು ಕಾರಣ ನನಗೆ ಕಾಣುತ್ತವೆ. ಒಂದು, 2010ರ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು. ಇನ್ನೊಂದು ಗರಗಸ. ಈ ಗರಗಸದ ಸಂಗತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಕಾರ್ಖಾನೆಯಲ್ಲಿ ನೆಟ್ಟಗಿನ ಮೆಟ್ಟಿಲು ಕೊರೆಯಲು ಇಪ್ಪತ್ತಕ್ಕಿಂತ ಹೆಚ್ಚು ದುಂಡು ಗರಗಸಗಳನ್ನು ಒಂದೇ ಅಚ್ಚಿಗೆ ಅಳತೆ ಪ್ರಕಾರ ಪೋಣಿಸಿಡುತ್ತಿದ್ದರು. ಹಲಗೆಯನ್ನು ಒಮ್ಮೆ ತಳ್ಳಿದರೆ ಎಲ್ಲ ಸೀಳೂ ಒಟ್ಟಿಗೆ ಬೀಳುತ್ತಿದ್ದವು. ಒಂದೇ ಅಚ್ಚಿನ ಮೇಲೆ ತಿರುಗುವ ಗರಗಸಗಳು ಸಮಾನಾಂತರ ಸೀಳನ್ನೇ ಹಾಕಬಲ್ಲವು, ಬೀಸಣಿಕೆ ಹಾಕಲಾರವು. ನೆಟ್ಟಗಿನ ಮೆಟ್ಟಿಲೇ ಸರಿ ಅಂತ ಎಲ್ಲರ ಕಣ್ಣಿಗೂ ಕೂತುಬಿಡಲು ಆ ಯಂತ್ರವೂ ಒಂದು ಕಾರಣ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಬಂದ ಮೇಲೆ ನೆಟ್ಟಗಿನದೂ ಒಂದೇ, ಓರೆಯೂ ಒಂದೇ. ಯಂತ್ರಕ್ಕೆ ಅಂಕಿ ಬದಲಿಸಿದರೆ ಮುಗಿಯಿತು. ನಮ್ಮೂರ ಹುಡುಗರು ನಾಲ್ಕು ಮಂದಿ ಕುಪವಾಡದ ಎಂಐಡಿಸಿಯಲ್ಲಿ ಸಿಎನ್‌ಸಿ ಮೇಲೆ ಕಬ್ಬಿಣದ ಭಾಗ ಕೊರೆಯುತ್ತಾರೆ. ಅವರಲ್ಲಿ ಒಬ್ಬನಿಗೆ ಕೇಳಿದೆ, ಓರೆ ಕೊರೆಯುವುದು ತ್ರಾಸೇನೋ ತಮ್ಮಾ ಅಂತ. "ಮಶಿನ್ನಿಗೆ ಓರಿ ನೆಟ್ಟಗ ಗೊತ್ತಾಗೂದಿಲ್ರಿ ಸರ್" ಅಂದ.

ಸ್ವೀಡನ್ನಿನ ಓಲಾ ಸ್ಟ್ರಾಂಡ್‌ಬರ್ಗ್ ತಲೆಯಿಲ್ಲದ ಹಗುರ ಗಿಟಾರಿಗೆ ಓರೆ ಮೆಟ್ಟಿಲು ಹಾಕಿ ಹೆಸರು ಮಾಡಿದ, ಅವನದು ತುಟ್ಟಿ ಮಾಲು. ಅದರ ಹಿಂದೆ ಇಬಾನೆಜ್, ಜಾಕ್ಸನ್, ಕೊರಿಯಾದ ಕೋರ್ಟ್ ಕಂಪನಿಗಳು ತಮ್ಮ ಕಡಿಮೆ ಬೆಲೆಯ ಸಾಲಿನಲ್ಲೂ ಏಳು, ಎಂಟು ತಂತಿಯ ಓರೆ ಗಿಟಾರು ಇಳಿಸಿದವು. ಕೋರ್ಟ್‌ನವರ ದೊಡ್ಡ ಕಾರ್ಖಾನೆ ಇಂಡೋನೇಶಿಯಾದ ಸುರಬಾಯಾದಲ್ಲಿದೆ. ಬೇರೆ ಹೆಸರಿನ ಎಷ್ಟೋ ಗಿಟಾರುಗಳೂ ಆ ದೇಶದಲ್ಲೇ ತಯಾರಾಗುತ್ತವೆ. ಅಲ್ಲಿ ಮಾಡುವ ಕೈಗಳು ನಮ್ಮಂಥ ಊರುಗಳಿಂದಲೇ ಬಂದ ಕೈಗಳಿರಬೇಕು ಅಂತ ಅನಿಸುತ್ತದೆ.

ಇಷ್ಟನ್ನೂ ಆ ತಾಯಿಗೆ ಹೇಳಿದೆ. ಲಂಡನ್, ರಾಣಿ, ಪೇಟೆಂಟು, ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ ಮಾತು: "ಅದೆಲ್ಲ ಖರೆ ಮಾಸ್ತರ. ಆದ್ರ ಈ ಸರ್ತಿ ಮೋಸ ಆಗೂದಿಲ್ಲ ಅಂತ ಹೆಂಗ ಗೊತ್ತಾಗಬೇಕ?"

ಇತಿಹಾಸದವನು ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕು? ಮತ್ತೆ ಮಿರಜದ ಅಜ್ಜನ ಹತ್ತಿರ ಹೋದೆವು. ಅವರು ತೋರಿಸಿದ ಪರೀಕ್ಷೆ ಯಾವ ತಂತಿವಾದ್ಯಕ್ಕೂ ಸಲ್ಲುವಂಥದ್ದು. ತಂತಿಯ ನಟ್ಟನಡುವೆ, ಹನ್ನೆರಡನೆಯ ಪಟ್ಟಿಯ ಮೇಲೆ, ಒತ್ತದೆ ಬೆರಳು ಸುಮ್ಮನೆ ತಾಗಿಸಿ ಮೀಟಬೇಕು. ಗಂಟೆಯಂಥ ತೆಳು ಸ್ವರ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾದರೆ ಆ ತಂತಿಗೆ ಅಳತೆ ಸರಿ. ಓರೆ ಮೆಟ್ಟಿಲಿನಲ್ಲಿ ಪ್ರತಿ ತಂತಿಯ ಉದ್ದ ಬೇರೆ, ಹಾಗಾಗಿ ಏಳಕ್ಕೆ ಏಳೂ ತಂತಿ ನೋಡಬೇಕು, ಒಂದನ್ನೂ ಬಿಡಬಾರದು. ಚೂರು ವ್ಯತ್ಯಾಸ ಬಂದರೆ ಬುಡದ ಸೇತುವೆಯ ಮೇಲಿನ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು, ಅದು ದೋಷವಲ್ಲ. ನಡುವಿನ ಬೇರೆ ಪಟ್ಟಿಗಳ ಮೇಲೂ ಒಂದೊಂದಾಗಿ ಒತ್ತಿ ಕೇಳಬೇಕು, ಅಲ್ಲಿ ತಪ್ಪಿದ್ದರೆ ಯಾವ ಸ್ಕ್ರೂವಿನಿಂದಲೂ ಹೋಗದು. ಕೊನೆಗೆ ಕುತ್ತಿಗೆಯನ್ನು ಕಣ್ಣಿಗೆ ನೇರ ಹಿಡಿದು ಬಂದೂಕಿನ ನಳಿಗೆ ನೋಡಿದಂತೆ ನೋಡು ಅಂದರು. ಮುತ್ಯಾ ಅಂದ ಹಾಗೆ ಸೊಟ್ಟ ಆಗಿದ್ದರೆ ಅಲ್ಲಿ ಕಾಣುತ್ತದೆ, ಪಟ್ಟಿಯ ಓರೆಯಲ್ಲಿ ಅಲ್ಲ.

ಎಂಟು ತಂತಿ ಬೇಡ, ಏಳು ಸಾಕು ಅಂತ ಹುಡುಗನೇ ನಿರ್ಧಾರ ಮಾಡಿದ. ಎಂಟರ ಕುತ್ತಿಗೆ ಅವನ ಕೈಗೆ ಅಗಲ. ಹೊಸದೂ ಬೇಡ ಅಂದ. ಪುಣೆಯಲ್ಲಿ ಓದು ಮುಗಿಸಿ ಕೆಲಸಕ್ಕೆ ಹೋಗುವವನೊಬ್ಬ ತನ್ನದನ್ನು ಮಾರುತ್ತಿದ್ದ, ಇಂಡೋನೇಶಿಯಾದ ಮಾಲು, ದಪ್ಪ ತಂತಿ ಇಪ್ಪತ್ತೇಳು ಇಂಚು, ತೆಳು ತಂತಿ ಇಪ್ಪತ್ತೈದೂವರೆ. ತಾಯಿ ಮಗ ಇಬ್ಬರೂ ರಾತ್ರಿ ಬಸ್ಸಿಗೆ ಹೋದರು. ಅಲ್ಲಿ ಆ ಮನೆಯ ಹಾಸಿಗೆಯ ಮೇಲೆ ಕೂತು ಹುಡುಗ ಏಳೂ ತಂತಿ ಮೀಟಿದ. ಪ್ರತಿ ತಂತಿಗೂ ತಾಯಿ, "ಎರಡೂ ಒಂದ ಐತಿ, ಹೌದಿಲ್ಲೋ?" ಅಂತ ಕೇಳುತ್ತಿದ್ದಳಂತೆ. ಐದನೆಯ ತಂತಿಗೆ ಅವಳೇ "ಇದು ಬ್ಯಾರೆ ಐತಿ" ಅಂದಳಂತೆ. ಹೌದು, ಬೇರೆ ಇತ್ತು. ಮಾರುವವನು ಸ್ಕ್ರೂ ತಿರುಗಿಸಿದ, ಕೂಡಿತು. ಐದುನೂರು ಕಡಿಮೆ ಮಾಡಿಸಿ ತಂದಳು.

ಬೋರಿನ ಪೈಪು ಮುಂದಿನ ಹಂಗಾಮಿಗೆ ಹೋಯಿತು. ಆಂಪ್ಲಿಫೈಯರಿಗೆ ದುಡ್ಡು ಉಳಿಯಲಿಲ್ಲ, ಆದ್ದರಿಂದ ಹುಡುಗ ಸಂಜೆ ಹೊತ್ತು ಗಿಟಾರಿನ ಮರಕ್ಕೆ ಗಲ್ಲ ಹಚ್ಚಿ ನುಡಿಸುತ್ತಿದ್ದ. ಮೊನ್ನೆ ಏಕಾದಶಿಗೆ ಭಜನಾ ಮಂಡಳಿಯವರು ತಮ್ಮ ಮೈಕ್ ಸೆಟ್ಟಿಗೆ ಅದನ್ನು ಸಿಗಿಸಲು ಒಪ್ಪಿದರು. ಖರ್ಜಿನ ತಂತಿಯನ್ನು ಹಾರ್ಮೋನಿಯಂನ ಕರಿ ಒಂದಕ್ಕೆ ಕೂಡಿಸಿ ಹುಡುಗ ಒಮ್ಮೆ ಮೀಟಿದ. ಸ್ಪೀಕರಿನ ಮೇಲೆ ಇಟ್ಟಿದ್ದ ಮುತ್ಯಾನ ತಂಬಾಕಿನ ಡಬ್ಬಿ ನಡುಗಿ ಕೆಳಗೆ ಬಿತ್ತು. ಮುತ್ಯಾ ಅದನ್ನು ಎತ್ತಿಕೊಂಡು ಕೈಯಲ್ಲೇ ಹಿಡಿದು ಕೂತರು.